ಕೋಟಿಲ್ಲದ ಪೆಟ್ಟಿಗೆ

ಪೆಟ್ಟಿಗೆಯಲ್ಲಿ ಕೋಟು ಇರಲಿಲ್ಲ.

ದೊಡ್ಡಮ್ಮ ಇನ್ನೊಮ್ಮೆ ತಳದವರೆಗೂ ಕೈ ಇಳಿಸಿ ತಡಕಾಡಿದಳು. ತೆಳ್ಳನೆಯ ಹತ್ತಿ ಬಟ್ಟೆ, ಅಗಲ ಅಂಚಿನ ಬಿಸಿಲು ಟೋಪಿ, ಮರಳಿನಲ್ಲಿ ನಡೆಯುವ ರಬ್ಬರ್ ಚಪ್ಪಲಿ, ಈಜುಡುಗೆ. ಕೈಗವಸಿಲ್ಲ, ಮಫ್ಲರ್ ಇಲ್ಲ, ಒಂದು ಜೊತೆ ಉಣ್ಣೆಯ ಕಾಲುಚೀಲ ಕೂಡ ಇಲ್ಲ. ಕಡಲತೀರದ ಊರಿಗೆ ಹೇಳಿ ಮಾಡಿಸಿದ ಪೆಟ್ಟಿಗೆ. ಆದರೆ ಇದರ ಒಡತಿ ಕಡಲತೀರದಿಂದ ಹಿಮ ಬೀಳುವ ಊರಿಗೆ ಹೋಗಬೇಕು, ಅಲ್ಲಿಂದ ಕಲ್ಲುಹಾಸಿನ ಹಳೆಯ ಪಟ್ಟಣಕ್ಕೆ, ಅದಾದ ಮೇಲೆ ಪುಟ್ಟ ವಿಮಾನ ಹತ್ತಿ ದ್ವೀಪಕ್ಕೆ. ಪೆಟ್ಟಿಗೆ ಕಟ್ಟಿದವನ ಲೆಕ್ಕದಲ್ಲಿ ಅವಳ ಪ್ರಯಾಣ ಮೊದಲ ಊರಿನಲ್ಲೇ ಮುಗಿದಂತಿತ್ತು.

“ಕಳ್ಳಿ ಥರ ಇನ್ನೂ ಎಷ್ಟು ಹೊತ್ತು ಕೆದಕ್ತೀಯ ಅಕ್ಕ?” ಓರಗಿತ್ತಿ ಬಾಗಿಲಿನ ಮೇಲೆ ಕಣ್ಣಿಟ್ಟೇ ಕೇಳಿದಳು. “ಅವನು ಬಂದು ನೋಡಿದ್ರೆ ನನ್ನ ಅಂಗಡಿ ಮಾನ ಮೂರು ಕಾಸಿಗೆ ಹರಾಜು.”

ಅಂಗಡಿ ಓರಗಿತ್ತಿಯದು. ಮುಂಭಾಗದಲ್ಲಿ ಸೂಟ್‌ಕೇಸು, ಬೆನ್ನುಚೀಲಗಳ ಮಾರಾಟ, ಹಿಂದಿನ ಕೋಣೆಯಲ್ಲಿ ಚಕ್ರ, ಹಿಡಿಕೆ, ಜಿಪ್ಪುಗಳ ರಿಪೇರಿ. ಆ ರಿಪೇರಿ ಮೇಜಿನ ಪಕ್ಕದ ಒಂದು ಕುರ್ಚಿಯೇ ದೊಡ್ಡಮ್ಮನ ಪತ್ತೇದಾರಿ ಕಚೇರಿ. ವಿಮಾನ ನಿಲ್ದಾಣದಲ್ಲಿ ಕಂಡವರ ಪೆಟ್ಟಿಗೆ ಬಿಚ್ಚಿ ತಪಾಸಣೆ ಮಾಡುತ್ತಲೇ ತಲೆ ನರೆಸಿಕೊಂಡವಳು ಅವಳು. ನಿವೃತ್ತಿಯಾದರೂ ಕೈ ಸುಮ್ಮನಿರಲಿಲ್ಲ. ಅಣ್ಣತಮ್ಮಂದಿರನ್ನು ಮದುವೆಯಾಗಿ ಒಂದೇ ಮನೆ ಸೇರಿದ ಈ ಇಬ್ಬರು ಹೆಂಗಸರು ಜಗಳವಾಡದ ದಿನವಿಲ್ಲ, ಒಬ್ಬರನ್ನೊಬ್ಬರು ಬಿಟ್ಟಿದ್ದ ದಿನವೂ ಇಲ್ಲ.

“ಮಾನದ ಮಾತು ಬಿಡು. ಜಿಪ್ಪಿನ ರನ್ನರ್ ಸಡಿಲ ಮಾಡಿ ಮಾರಿದವಳು ನೀನೇ ಅಲ್ವಾ?”

“ತುಂಬಿದ ಮೇಲೆ ರಿಪೇರಿಗೆ ಇಲ್ಲಿಗೇ ಬರ್ಲಿ ಅಂತ ನೀನು ಹೇಳಿದ್ದಕ್ಕೆ ಮಾಡ್ದೆ. ನನ್ನ ಆಯಸ್ಸಿನಲ್ಲಿ ಕೆಟ್ಟ ಜಿಪ್ಪು ಮಾರಿದ್ದು ಇದೇ ಮೊದಲು. ರಾತ್ರಿ ನಿದ್ದೆ ಬಂದಿಲ್ಲ ಗೊತ್ತಾ?”

ಪ್ರವಾಸದಿಂದ ತಾನು ಜೀವಂತ ಮರಳುವುದಿಲ್ಲ, ಗಂಡನೇ ತನ್ನನ್ನು ಮುಗಿಸುತ್ತಾನೆ ಎಂದು ಸಂಗೀತದ ಟೀಚರ್ ಬಂದು ಇದೇ ಕುರ್ಚಿಯ ಮುಂದೆ ಕಣ್ಣೀರಿಟ್ಟಾಗ ಶುರುವಾದ ಕಥೆ ಇದು. ಪೊಲೀಸರ ಬಳಿ ಹೋಗಲು ಅವಳು ಒಪ್ಪಿರಲಿಲ್ಲ. ಅವರು ನನಗೆ ಕಟ್ಟುವ ಪೆಟ್ಟಿಗೆಯನ್ನು ಒಂದು ಸಲ ನೋಡಿ ದೊಡ್ಡಮ್ಮ, ನಿಮಗೇ ಗೊತ್ತಾಗುತ್ತೆ ಎಂದಷ್ಟೇ ಬೇಡಿಕೊಂಡಿದ್ದಳು.

ನೋಡಿದ್ದಾಯಿತು. ಗೊತ್ತೂ ಆಯಿತು. ವಿಮಾನ ಇವತ್ತು ಸಂಜೆಯೇ.

ದೊಡ್ಡಮ್ಮನಿಗೆ ಆ ಪೆಟ್ಟಿಗೆ ಕೊಂಡ ದಿನ ನೆನಪಾಯಿತು. ಹೆಗಲಿಗೆ ಧೂಳೊರೆಸುವ ಬಟ್ಟೆ ಹಾಕಿಕೊಂಡು, ಅಂಗಡಿಯ ಕೆಲಸದವಳ ಸೋಗಿನಲ್ಲಿ ಅವಳು ಗಂಡಹೆಂಡಿರ ಪಕ್ಕದಲ್ಲೇ ನಿಂತಿದ್ದಳು. ಗಂಡ ಜಮೀನು ಅಳೆಯುವ ಸರ್ವೇಯರ್. ಬಂದವನೇ ಜೇಬಿನಿಂದ ಟೇಪು ತೆಗೆದು ಕಪಾಟಿನ ಪೆಟ್ಟಿಗೆಗಳನ್ನೆಲ್ಲ ಅಳೆಯತೊಡಗಿದ. ಓರಗಿತ್ತಿ ಆ ಕ್ಷಣವೇ ಅವನಿಗೆ ಟೇಪಣ್ಣ ಎಂದು ಹೆಸರಿಟ್ಟಳು.

ಟೀಚರ್ ದೊಡ್ಡದೊಂದು ಕೆಂಪು ಪೆಟ್ಟಿಗೆಯ ಮೇಲೆ ಆಸೆಪಟ್ಟಿದ್ದಳು. ಟೇಪಣ್ಣ ಬೇಡವೇ ಬೇಡ ಎಂದ. ಕಲ್ಲುಹಾಸಿನ ಬೀದಿಯಲ್ಲಿ ನಾಲ್ಕು ಪುಟಾಣಿ ಚಕ್ರ ಉಳಿಯೋದಿಲ್ಲ, ಎರಡು ದೊಡ್ಡ ಚಕ್ರದ್ದೇ ಆಗಬೇಕು. ರೈಲಿನ ಮೆಟ್ಟಿಲಿಗೆ ಎತ್ತಿಡುವಾಗ ಭಾರವಾಗಬಾರದು. ದ್ವೀಪಕ್ಕೆ ಹೋಗುವ ಪುಟ್ಟ ವಿಮಾನದಲ್ಲಿ ದೊಡ್ಡ ಪೆಟ್ಟಿಗೆ ಹತ್ತಿಸುವುದೇ ಇಲ್ಲ. ಹೀಗೆ ಒಂದೊಂದಕ್ಕೂ ಕಾರಣ ಕೊಟ್ಟು, ಹೆಂಡತಿಗೆ ಬೂದು ಬಣ್ಣದ ಚಿಕ್ಕ ಬಟ್ಟೆಯ ಪೆಟ್ಟಿಗೆ ಆರಿಸಿದ. ತನಗೆ ಒಂದು ಬೆನ್ನುಚೀಲ ಸಾಕೆಂದ. ಹೆಸರು, ವಿಳಾಸ ಹೊರಗೆ ಕಾಣಬಾರದು ಅಂದ. ಅಂಕಿ ತಿರುಗಿಸುವ ಬೀಗ ಕೊಂಡು, ಹೆಂಡತಿಗೆ ಬೆನ್ನು ಮಾಡಿ ನಿಂತು ಅಂಕಿ ಹಾಕಿದ. ಅವಳು ಇಣುಕಿದರೂ ಹೇಳಲಿಲ್ಲ.

ಕೊನೆಗೆ ಆ ಕೆಂಪು ಪೆಟ್ಟಿಗೆಯನ್ನು ಮತ್ತೆ ಕಪಾಟಿಗೆ ಎತ್ತಿಡಲು ಹೋಗಿ ಎದೆ ಹಿಡಿದುಕೊಂಡು ಕೂತ. ಟೀಚರ್ ಥಟ್ಟನೆ ಕೈಚೀಲದಿಂದ ದಿನಕ್ಕೊಂದು ಮನೆಯಂತೆ ಭಾಗ ಮಾಡಿದ ನೀಲಿ ಮಾತ್ರೆ ಡಬ್ಬಿ ತೆಗೆದು, ಒಂದು ಮಾತ್ರೆ ಬಾಯಿಗಿಟ್ಟು, ನೀರು ಕುಡಿಸಿದಳು. ತನ್ನನ್ನು ಕೊಲ್ಲುವವನಿಗೆ ಕೂಡ ಹೀಗೆ ಮಾತ್ರೆ ಕೊಡುತ್ತಾಳಲ್ಲ, ಎಂಥ ಜೀವ ಎಂದು ದೊಡ್ಡಮ್ಮನ ಕರುಳು ಚುರ್ರೆಂದಿತ್ತು.

ಅಲೆದಾಡಿ ಬಲ್ಲವರು ಟೇಪಣ್ಣನ ಆಯ್ಕೆಯನ್ನು ಜಾಣತನ ಅನ್ನುತ್ತಾರೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂಬುದೂ ದೊಡ್ಡಮ್ಮನಿಗೆ ತಿಳಿಯದ್ದೇನಲ್ಲ. ಆದರೆ ಕೋಟು? ಅದಕ್ಕೆ ಏನು ಜಾಣತನ ಹೇಳಿಯಾನು?

“ಬಂದ, ಬಂದ,” ಎಂದು ಓರಗಿತ್ತಿ ಪಿಸುಗುಟ್ಟಿ, ಮುಂದಿನ ಕೋಣೆಗೆ ಜಾರಿದಳು.

ಟೇಪಣ್ಣ ಬೆನ್ನುಚೀಲ ಹೊತ್ತು ಬಂದ. ಎರಡನ್ನೂ ಅಂಗಡಿಯ ನೇತು ತಕ್ಕಡಿಯಲ್ಲಿ ತೂಗಿಸಿ, ಹೆಂಡತಿ ಬಂದೊಡನೆ ಇಲ್ಲಿಂದಲೇ ನಿಲ್ದಾಣಕ್ಕೆ ಹೊರಡುವುದೆಂದು ಬೆಳಿಗ್ಗೆ ಬೀಗ ತೆಗೆದು ಪೆಟ್ಟಿಗೆಯನ್ನು ರಿಪೇರಿಗೆ ಬಿಟ್ಟು ಹೋಗುವಾಗಲೇ ಹೇಳಿದ್ದ. ಬಾಯಿ ಬಿಟ್ಟುಕೊಂಡು ಬಿದ್ದಿದ್ದ ಪೆಟ್ಟಿಗೆಯನ್ನೂ ಮೇಜಿನ ತುಂಬ ಹರಡಿದ್ದ ಹೆಂಡತಿಯ ಬಟ್ಟೆಯನ್ನೂ ನೋಡಿದವನ ಮುಖ ಗಂಟಿಕ್ಕಿತು.

“ಜಿಪ್ಪು ಹಾಕೋಕೆ ಬಟ್ಟೆ ಎಲ್ಲ ಯಾಕ್ರೀ ಹೊರಗೆ ತೆಗೆದಿರಿ?”

“ಕೂತ್ಕೊಳ್ಳಿ,” ದೊಡ್ಡಮ್ಮ ಹೆಗಲ ಮೇಲಿನ ಬಟ್ಟೆ ತೆಗೆದು ಪಕ್ಕಕ್ಕಿಟ್ಟಳು. “ನಾನು ಇಲ್ಲಿ ಕೆಲಸದವಳಲ್ಲ. ನಿಮ್ಮ ಹೆಂಡತಿ ನನ್ನ ಹತ್ರ ಬಂದಿದ್ರು. ನಿಮ್ಮಿಂದ ತಮ್ಮ ಜೀವಕ್ಕೆ ಅಪಾಯ ಇದೆ ಅಂತ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ದೊಡ್ಡಮ್ಮ ತನ್ನ ಕೆಲಸದಲ್ಲಿ ಬೇಕಾದಷ್ಟು ಕಂಡಿದ್ದಳು. ಇವನು ಹೆಗಲು ಮುಟ್ಟಿಕೊಳ್ಳಲಿಲ್ಲ. ನಕ್ಕ. ಅವಳು ನಗದೇ ಇದ್ದುದನ್ನು ನೋಡಿ ತಾನೂ ನಗು ನಿಲ್ಲಿಸಿದ. ಆಮೇಲೆ ಕುರ್ಚಿ ಎಳೆದು ಕೂತು, ಇದು ಯಾರು ಮಾಡುತ್ತಿರುವ ತಮಾಷೆ ಎಂದು ಕೇಳಿದ.

ತಮಾಷೆಯಲ್ಲ ಎಂದು ದೊಡ್ಡಮ್ಮ ಒಂದೊಂದೇ ಎತ್ತಿ ಹೇಳಿದಳು. ಬೀಗದ ಅಂಕಿ ಮುಚ್ಚಿಟ್ಟದ್ದು ಯಾಕೆ? ಅವನು ತಲೆ ಕೆರೆದುಕೊಂಡ. ಅವಳಿಗೆ ಯಾವ ಅಂಕಿ ಹೇಳಿದರೂ ಅದಕ್ಕೊಂದು ರಾಗ ಹಾಕಿ ಗುನುಗುತ್ತಾಳಂತೆ, ಹೋದ ಸಲ ನಿಲ್ದಾಣದಲ್ಲಿದ್ದವರಿಗೆಲ್ಲ ಬೀಗದ ಅಂಕಿ ಬಾಯಿಪಾಠವಾಗಿತ್ತಂತೆ. ಹೆಸರು, ವಿಳಾಸ ಒಳಗಿಟ್ಟದ್ದು? ಮನೆ ಖಾಲಿ ಇದೆ ಎಂದು ಊರಿಗೆಲ್ಲ ಡಂಗುರ ಹೊಡೆಯುವುದು ಬೇಡವೆಂದು. ಎಲ್ಲಕ್ಕೂ ಅವನ ಬಳಿ ಉತ್ತರವಿತ್ತು. ಅಷ್ಟೊಂದು ಉತ್ತರ ಇಟ್ಟುಕೊಂಡವನ ಮೇಲೆ ದೊಡ್ಡಮ್ಮನಿಗೆ ಅನುಮಾನ ಇಮ್ಮಡಿಯಾಯಿತು.

“ಈ ಪೆಟ್ಟಿಗೆ ಕಟ್ಟಿದ್ದು ಯಾರು?”

“ನಾನೇ. ಮದುವೆಯಾದಾಗಿಂದ ಅವಳದನ್ನ ನಾನು ಕಟ್ತೀನಿ, ನನ್ನದನ್ನ ಅವಳು ಕಟ್ತಾಳೆ. ಅದು ನಮ್ಮ ಪದ್ಧತಿ.”

ಟೀಚರ್ ಅರ್ಧ ಮಾತ್ರ ಹೇಳಿದ್ದಳು. ದೊಡ್ಡಮ್ಮ ಅದನ್ನು ಆಗ ಗಮನಕ್ಕೆ ತಂದುಕೊಳ್ಳಲಿಲ್ಲ. ಅವಳ ಮನಸ್ಸೆಲ್ಲ ಕೋಟಿನ ಮೇಲಿತ್ತು.

“ಹಾಗಾದ್ರೆ ಹಿಮ ಬೀಳೋ ಊರಿಗೆ ಆಕೆಯ ಕೋಟು ಎಲ್ಲಿ?”

“ನನ್ನ ಚೀಲದಲ್ಲಿ.”

ಅವನೇ ಬಿಡಿಸಿ ಹೇಳಿದ. ಮದುವೆಯಾದ ಹೊಸದರಲ್ಲಿ ಇಬ್ಬರೂ ದೂರ ದೇಶಕ್ಕೆ ಹೋದಾಗ ಅವಳ ಪೆಟ್ಟಿಗೆ ದಾರಿಯಲ್ಲಿ ಕಳೆದುಹೋಗಿತ್ತು. ಅವಳು ಅವನ ಅಂಗಿ ಹಾಕಿಕೊಂಡೇ ಊರು ಸುತ್ತಿದಳು, ರಾತ್ರಿ ಅತ್ತಳು. ಅಂದಿನಿಂದ ಇಬ್ಬರ ಬಟ್ಟೆಯನ್ನೂ ಎರಡು ಕಡೆಗೂ ಹಂಚಿ ಕಟ್ಟುತ್ತಾರೆ. ಒಂದು ಕಳೆದರೂ ಇನ್ನೊಂದರಲ್ಲಿ ಇಬ್ಬರಿಗೂ ಬಟ್ಟೆ ಇರಲಿ ಎಂದು. ಈ ಪೆಟ್ಟಿಗೆಯ ತಳದಲ್ಲಿ ತನ್ನ ಎರಡು ಅಂಗಿಯೂ ಇವೆ, ನೋಡಲಿಲ್ಲವೇ ಎಂದು ಕೇಳಿದ.

ದೊಡ್ಡಮ್ಮ ನೋಡಿದ್ದಳು. ಟೀಚರ್ ಮನೆಯಲ್ಲಿ ಹಾಕಿಕೊಳ್ಳುವ ಅಂಗಿ ಎಂದುಕೊಂಡು ಸುಮ್ಮನಾಗಿದ್ದಳು. ಕಿವಿ ಬಿಸಿಯಾಯಿತು.

“ಉಣ್ಣೆ ಬಟ್ಟೆ ಎಲ್ಲ ಬೆನ್ನುಚೀಲದಲ್ಲಿ ಹಿಡಿಯುತ್ತೆ, ಅವಳ ಪೆಟ್ಟಿಗೆ ಹಗುರ ಆಗುತ್ತೆ ಅಂತ ಅವಳ ಕೈಗೇ ಕೊಟ್ಟೆ. ಅವಳೇ ಇಟ್ಟಿದ್ದಾಳೆ.”

“ಬಿಚ್ಚಿ ತೋರಿಸಿ.”

ಅವನು ಮೊದಲ ಸಲ ಹಿಂಜರಿದ. ಚೀಲವನ್ನು ಮಡಿಲಿಗೆ ಎಳೆದುಕೊಂಡ. ದೊಡ್ಡಮ್ಮನ ಕಣ್ಣು ಕಿರಿದಾಯಿತು. ಆಗ ಅವನು ನಾಚುತ್ತ ಹೇಳಿದ್ದು ಇಷ್ಟು. ಒಬ್ಬರು ಕಟ್ಟಿದ್ದನ್ನು ಇನ್ನೊಬ್ಬರು ಮೊದಲ ಊರು ತಲುಪುವವರೆಗೆ ಬಿಚ್ಚುವಂತಿಲ್ಲ. ಯಾಕೆಂದರೆ ಮಧ್ಯದಲ್ಲೆಲ್ಲೋ ಒಂದು ಚಿಕ್ಕ ಪೊಟ್ಟಣ ಬಚ್ಚಿಟ್ಟಿರುತ್ತಾರೆ. ಒಮ್ಮೆ ಅವಳು ಗಿಲಕಿ ಇಟ್ಟಿದ್ದಳು, ಒಮ್ಮೆ ಅವನ ಅಂಗಿಯಿಂದ ಉದುರಿದ ಗುಂಡಿಯನ್ನೇ ಬಣ್ಣದ ಕಾಗದದಲ್ಲಿ ಸುತ್ತಿ ಇಟ್ಟಿದ್ದಳು. ಈ ವಯಸ್ಸಿನಲ್ಲಿ ಇದೆಲ್ಲ ಹುಡುಗಾಟ ಅನ್ನಿಸಬಹುದು ನಿಮಗೆ ಎಂದ.

“ಹುಡುಗಾಟವೇ ಆಗ್ಲಿ. ಬಿಚ್ಚಿ. ಕೋಟು ಇದ್ರೆ ನಿಮ್ಮ ಕಾಲಿಗೆ ಬಿದ್ದು ಕಳಿಸಿಕೊಡ್ತೀನಿ.”

ಅವನು ಒಲ್ಲದ ಮನಸ್ಸಿನಿಂದ ಜಿಪ್ಪು ಎಳೆದ.

ಕೋಟು ಎಲ್ಲಕ್ಕಿಂತ ಮೇಲೆಯೇ ಇತ್ತು. ಹೆಂಗಸರ ಕೋಟು, ಟೀಚರ್ ಅಳತೆಯದೇ. ಕೆಳಗೆ ಅವಳ ಕೈಗವಸು, ಮಫ್ಲರ್, ಉಣ್ಣೆಯ ಕಾಲುಚೀಲ. ಟೇಪಣ್ಣ ದೊಡ್ಡಮ್ಮನ ಮುಖ ನೋಡಿದ. ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕಾಲಿಗೆ ಬೀಳುತ್ತೇನೆ ಅಂದ ಮಾತು ನಾಲಿಗೆಯ ಮೇಲೆ ಇನ್ನೂ ಆರಿರಲಿಲ್ಲ.

ಆದರೂ ಹಳೆಯ ಚಾಳಿ. ಪೆಟ್ಟಿಗೆ ತೆರೆದ ಮೇಲೆ ತಳ ನೋಡದೆ ಮುಚ್ಚಿದ್ದೇ ಇಲ್ಲ ಅವಳು. ಕೈ ತಾನಾಗಿಯೇ ಕೆಳಗಿಳಿಯಿತು. ಕಲ್ಲುಹಾಸಿನ ಪಟ್ಟಣಕ್ಕೆ ಟೀಚರ್‌ನ ಗಟ್ಟಿ ಬೂಟು. ದ್ವೀಪಕ್ಕೆ ಟೀಚರ್‌ನ ಮಳೆಯಂಗಿ. ಟೇಪಣ್ಣನ ಚಡ್ಡಿ, ಟೇಪಣ್ಣನ ಈಜುಡುಗೆ, ಟೇಪಣ್ಣನ ತೆಳು ಅಂಗಿ.

ಅವಳ ಕೈ ನಿಂತಿತು.

“ನಿಮ್ಮ ಕೋಟು ಎಲ್ಲಿ?”

“ಇಲ್ಲೇ ಇರಬೇಕು.” ಅವನು ತಾನೂ ಕೈ ಹಾಕಿದ. “ಕಂದು ಬಣ್ಣದ್ದು. ಮಂಚದ ಮೇಲೆ ತೆಗೆದಿಟ್ಟಿದ್ದೆ.” ಒಂದೊಂದೇ ಬಟ್ಟೆ ಎತ್ತಿ ಮೇಜಿಗಿಟ್ಟ. ಪಕ್ಕದ ಜೇಬು ನೋಡಿದ, ಹಿಂದಿನ ಜೇಬು ನೋಡಿದ. ಕೊನೆಗೆ ಚೀಲವನ್ನೇ ತಲೆಕೆಳಗು ಮಾಡಿ ಕೊಡವಿದ. ಮಾತ್ರೆಯ ನೀಲಿ ಡಬ್ಬಿ ಮೇಜಿನ ಮೇಲೆ ಬಿತ್ತು. ಬೇರೇನೂ ಬೀಳಲಿಲ್ಲ.

“ಮರೆತಿರಬೇಕು,” ಅಂದ. ಖಾಲಿ ಚೀಲದೊಳಗೆ ಮತ್ತೆ ಕೈಯಾಡಿಸಿ, “ಪೊಟ್ಟಣವೂ ಇಟ್ಟಿಲ್ಲ ಈ ಸಲ,” ಅಂದ. ಕೋಟು ಮರೆಯಬಹುದು. ಪೊಟ್ಟಣ ಮರೆಯುವವಳಲ್ಲ ಅವಳು ಎಂಬುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ದೊಡ್ಡಮ್ಮನಿಗೆ ಆಗ ಎಲ್ಲ ತಿರುವುಮುರುವಾಗಿ ಕಂಡಿತು. ಕಡಲತೀರದ ಆಚೆಗೆ ಬಟ್ಟೆಯಿಲ್ಲದವಳು ಟೀಚರ್ ಅಲ್ಲ, ಇವನು. ಇವನ ಚೀಲ ಕಟ್ಟಿದವಳು ಅವಳು. ಪೆಟ್ಟಿಗೆ ನೋಡಿ ಎಂದು ಅತ್ತು ಕರೆದವಳೂ ಅವಳೇ. ನಾಳೆ ಕಡಲತೀರದಲ್ಲಿ ಇವನಿಗೇನಾದರೂ ಆದರೆ, ಗಂಡನೇ ಹೆಂಡತಿಯನ್ನು ಕೊಲ್ಲಲು ಹೊರಟಿದ್ದ, ಅವನ ಕೈಯಿಂದ ಅವಳು ಪಾರಾಗಿದ್ದೇ ಹೆಚ್ಚು ಎಂದು ಆಣೆಯಿಟ್ಟು ಹೇಳಲು ಒಬ್ಬಳು ಸಾಕ್ಷಿ ಬೇಕಿತ್ತು. ವಿಮಾನ ನಿಲ್ದಾಣದಲ್ಲಿ ತಲೆ ನರೆಸಿಕೊಂಡ ಹೆಂಗಸಿಗಿಂತ ಒಳ್ಳೆಯ ಸಾಕ್ಷಿ ಎಲ್ಲಿ ಸಿಗಬೇಕು? ಬೆಳ್ಳಗಿರೋದೆಲ್ಲ ಹಾಲು ಅಂದುಕೊಂಡೆನಲ್ಲ ಎಂದು ತನ್ನ ಮೇಲೇ ಕೆಟ್ಟ ಸಿಟ್ಟು ಬಂತು.

ಅವಳು ನೀಲಿ ಡಬ್ಬಿಯನ್ನು ಎತ್ತಿಕೊಂಡಳು.

“ಇದನ್ನ ತುಂಬಿದ್ದು ಯಾರು?”

“ಅವಳೇ. ಯಾವಾಗಲೂ ಅವಳೇ.”

“ಇವತ್ತಿನದು ತೊಗೊಂಡ್ರಾ?”

“ಇಲ್ಲ. ಇನ್ನೇನು ತೊಗೋಬೇಕು.”

“ಮುಟ್ಟಬೇಡಿ. ಎದುರಿಗೇ ಔಷಧಿ ಅಂಗಡಿ ಇದೆ, ತೋರಿಸ್ತೀನಿ. ಅವರು ನೋಡಿ ಹೇಳೋವರೆಗೂ ಇದರಿಂದ ಒಂದೂ ಬಾಯಿಗೆ ಹಾಕ್ಕೋಬೇಡಿ.”

ಅವನು ಕೈ ಚಾಚಿದವನು ಹಾಗೇ ನಿಂತ. ಅಷ್ಟರಲ್ಲಿ ಮುಂದಿನ ಕೋಣೆಯಿಂದ ಓರಗಿತ್ತಿಯ ಧ್ವನಿ ಬೇಕೆಂತಲೇ ಎತ್ತರಿಸಿ ಕೇಳಿತು. ಬನ್ನಿ ಟೀಚರ್, ನಿಮಗೇ ಕಾಯ್ತಿದ್ವಿ, ಡ್ರೈವರ್ ಕಾರು ಹೊರಗೇ ನಿಲ್ಲಿಸಿದ್ನಾ ಎಂದು.

ಟೇಪಣ್ಣ ಎರಡೂ ಕೈಯಿಂದ ಬಟ್ಟೆಗಳನ್ನು ಚೀಲಕ್ಕೆ ತುರುಕಿ ಜಿಪ್ಪು ಎಳೆದ. ದೊಡ್ಡಮ್ಮ ಹೆಂಡತಿಯ ಬಟ್ಟೆಯನ್ನು ಬೂದು ಪೆಟ್ಟಿಗೆಗೆ ಒತ್ತಿ, ಆಗಲೇ ಸರಿಮಾಡಿಟ್ಟಿದ್ದ ರನ್ನರ್ ಓಡಿಸಿದಳು. ಡಬ್ಬಿ ಅವಳ ಸೊಂಟದ ಚೀಲ ಸೇರಿತು.

ಟೀಚರ್ ಬಾಗಿಲಲ್ಲಿ ನಿಂತಳು. ತೆಳ್ಳಗೆ, ಅಚ್ಚುಕಟ್ಟಾಗಿ, ಮುಖದಲ್ಲಿ ಹೊರಡುವವರ ಅವಸರ. ಗಂಡನ ಬೆನ್ನುಚೀಲದ ಮೇಲೆ ಒಮ್ಮೆ ಕಣ್ಣಾಡಿಸಿದಳು.

“ಬಿಚ್ಚಿದ್ರಾ ಏನ್ರೀ?”

“ಇಲ್ವಲ್ಲ,” ಎಂದ ಟೇಪಣ್ಣ. “ನಾನ್ಯಾಕೆ ಬಿಚ್ಚಲಿ?”

ಅಷ್ಟು ವರ್ಷ ಜಮೀನು ಅಳೆದು ನೇರ ಗೆರೆ ಎಳೆದವನು ಇಷ್ಟು ಸಲೀಸಾಗಿ ಸುಳ್ಳು ಹೇಳಿದ್ದು ದೊಡ್ಡಮ್ಮನಿಗೆ ಹಿಡಿಸಲಿಲ್ಲ. ಹೆದರಿ ಹೇಳಿದನೋ, ಹೆಂಡತಿಯ ಮಾನ ಕಾಯಲು ಹೇಳಿದನೋ, ಇಲ್ಲ ಅವನ ಲೆಕ್ಕವೂ ಬೇರೆಯೇ ಇದೆಯೋ. ಕೇಳಲು ಹೊತ್ತಿರಲಿಲ್ಲ. ಎರಡನ್ನೂ ತಕ್ಕಡಿಗೆ ನೇತುಹಾಕಿ ಇಳಿಸಿದ್ದಾಯಿತು, ಭಾರ ಸರಿಯಿತ್ತು. ಏನಾದರೂ ವಿಷಯವಿದ್ದರೆ ಫೋನ್ ಮಾಡುತ್ತೇನೆ, ಜಿಪ್ಪಿಗೆ ಗ್ಯಾರಂಟಿ ಇದೆ ಎಂದು ದೊಡ್ಡಮ್ಮ ಅವನ ಮುಖವನ್ನೇ ನೋಡುತ್ತ ಹೇಳಿದಳು. ಅವನು ತಲೆಯಾಡಿಸಿದ. ಹೊರಡುವಾಗ ಟೀಚರ್ ಅವಳ ಕೈ ಹಿಡಿದುಕೊಂಡು, ಗಂಡನಿಗೆ ಕೇಳದಷ್ಟು ಮೆಲ್ಲಗೆ ಹೇಳಿದಳು.

“ನೋಡಿದ್ರಲ್ಲ ದೊಡ್ಡಮ್ಮ? ನಾಳೆ ಯಾರಾದ್ರೂ ಕೇಳಿದ್ರೆ ನೋಡಿದ್ದನ್ನ ನೋಡಿದ ಹಾಗೇ ಹೇಳಿ.”

ಕಾರು ತಿರುವಿನಲ್ಲಿ ಮರೆಯಾಗುವ ಮುಂಚೆಯೇ ದೊಡ್ಡಮ್ಮ ಬೀದಿ ದಾಟಿದ್ದಳು. ಔಷಧಿ ಅಂಗಡಿಯವನು ಅವಳಿಗೆ ಹಳೆಯ ಪರಿಚಯ. ಡಬ್ಬಿಯ ಒಂದೊಂದು ಮನೆಯ ಮುಚ್ಚಳವನ್ನೂ ತೆಗೆದು, ಮಾತ್ರೆಗಳನ್ನು ಅಂಗೈಗೆ ಸುರಿದುಕೊಂಡು, ಅವುಗಳ ಮೇಲಿನ ಗುರುತನ್ನು ಕನ್ನಡಕ ಏರಿಸಿ ನೋಡಿದ. ಕಪಾಟಿನಿಂದ ಹೊಸ ಪಟ್ಟಿಯೊಂದನ್ನು ತಂದು ಪಕ್ಕದಲ್ಲಿಟ್ಟು ಹೋಲಿಸಿದ.

“ಏನಿದೆ ಇದರಲ್ಲಿ?” ದೊಡ್ಡಮ್ಮ ಕೇಳಿದಳು.

“ಏನಿರುತ್ತೆ? ಸರಿಯಾದ ಮಾತ್ರೆ. ಎದೆಯದು. ನೀವು ಹೇಳಿದ ಪ್ರವಾಸಕ್ಕೆ ಪೂರ್ತಿ ಆಗೋ ಅಷ್ಟು ತುಂಬಿದ್ದಾರೆ, ಒಂದೂ ಹೆಚ್ಚುಕಮ್ಮಿ ಇಲ್ಲ.” ಅವನು ಮೊದಲ ಮನೆ ತೋರಿಸಿದ. “ಇವತ್ತಿಂದು ತೊಗೊಂಡೇ ಇಲ್ವಲ್ಲ? ಇದನ್ನ ತಪ್ಪಿಸಬಾರದು ದೊಡ್ಡಮ್ಮ. ಕೆಲವರಿಗೆ ಒಂದು ಹೊತ್ತು ತಪ್ಪಿದ್ರೂ ಎದೆ ಕೈಕೊಡುತ್ತೆ. ಯಾರದಿದು?”

ದೊಡ್ಡಮ್ಮ ಮಾತ್ರೆಗಳನ್ನು ಸರಸರನೆ ಡಬ್ಬಿಗೆ ತುಂಬಿಕೊಂಡಳು. ಪ್ರವಾಸ ಪೂರ್ತಿಗೆ ಮಾತ್ರೆ ತುಂಬಿದವಳು ಮೊದಲ ಊರಿನಲ್ಲೇ ಗಂಡನನ್ನು ಮುಗಿಸುವ ಲೆಕ್ಕ ಹಾಕುತ್ತಾಳೆಯೇ? ಹಾಗಾದರೆ ಕೋಟು? ಯಾವುದು ಬೇಟೆ, ಯಾವುದು ಬಲೆ? ಅದನ್ನು ಆಮೇಲೆ ನೋಡಿಕೊಳ್ಳಬಹುದಿತ್ತು. ಈಗ ನಿಜವಾದದ್ದು ಒಂದೇ. ಆ ಮನುಷ್ಯನ ಮಾತ್ರೆ ಅವನ ಬಳಿ ಇಲ್ಲ, ತನ್ನ ಬಳಿ ಇದೆ. ಬೇಡ ಎಂದು ಕಸಿದುಕೊಂಡವಳು ತಾನು.

“ಸ್ಕೂಟರ್ ತೆಗಿಯೇ,” ಎಂದು ಬೀದಿಯಾಚೆಯ ಓರಗಿತ್ತಿಗೆ ಕೂಗಿ, ಓಡುತ್ತಲೇ ಟೇಪಣ್ಣನ ನಂಬರಿಗೆ ಫೋನ್ ಮಾಡಿದಳು. ರಿಪೇರಿಗೆ ಬಿಡುವಾಗ ಅವನೇ ಕೊಟ್ಟ ನಂಬರು. ಎರಡು ಸಲ ಬಡಿದುಕೊಂಡು ನಿಂತಿತು. ಮೂರನೆಯ ಸಲ ಎತ್ತಿದ್ದು ಟೀಚರ್.

“ಹೇಳಿ ದೊಡ್ಡಮ್ಮ.”

“ಅವರಿಗೆ ಕೊಡಿ ಫೋನು.”

“ಮಾತಾಡೋ ಹಾಗಿಲ್ಲ. ಎದೆ ಹಿಡ್ಕೊಂಡು ಒರಗಿಬಿಟ್ಟಿದ್ದಾರೆ.” ಆ ಧ್ವನಿಯಲ್ಲಿ ಗಾಬರಿ ಎಂಬುದರ ಸುಳಿವೇ ಇರಲಿಲ್ಲ. ಮಕ್ಕಳಿಗೆ ಪಾಠ ಹೇಳುವವಳ ಹಾಗೆ ಒಂದೊಂದು ಮಾತನ್ನೂ ಬಿಡಿಬಿಡಿಯಾಗಿ ಆಡಿದಳು. “ಮಾತ್ರೆ ಡಬ್ಬಿ ಹುಡುಕ್ತಾ ಇದೀನಿ. ನಾನೇ ಚೀಲದಲ್ಲಿ ಇಟ್ಟಿದ್ದೆ, ಈಗ ಕಾಣ್ತಿಲ್ಲ. ನಿಮ್ಮ ಹತ್ರ ಏನಾದ್ರೂ ಉಳೀತಾ?”

ದೊಡ್ಡಮ್ಮನಿಗೆ ಬಲೆ ಕಂಡಿತು. ಗಂಡನ ಕೋಟು ಬಿಟ್ಟದ್ದೇ ತಾನು ಅನುಮಾನಪಟ್ಟು ಡಬ್ಬಿ ಕಸಿದುಕೊಳ್ಳಲಿ ಎಂದು. ಕಂಡರೂ ಏನು ಮಾಡುವುದು? ಸುಮ್ಮನಿದ್ದರೆ ಒಂದು ಜೀವ ಹೋಗುತ್ತದೆ.

“ನನ್ನ ಹತ್ರ ಇದೆ. ಹತ್ತಿರದ ಆಸ್ಪತ್ರೆಗೆ ತಿರುಗಿಸೋಕೆ ಹೇಳಿ ಕಾರನ್ನ. ಯಾವ ಆಸ್ಪತ್ರೆ ಹೇಳಿ, ನಾನು ಅಲ್ಲಿಗೇ ಬರ್ತೀನಿ.”

ಆ ಕಡೆ ಗಾಳಿಯ ಸದ್ದು, ಗಾಡಿಗಳ ಸದ್ದು. ಫೋನಿನ ಸ್ಪೀಕರ್ ಹಾಕಿದ್ದಾರೆ ಎಂಬುದು ದೊಡ್ಡಮ್ಮನಿಗೆ ಆಗ ತಿಳಿಯಿತು. ಟೀಚರ್ ಮತ್ತೆ ಮಾತಾಡಿದಾಗ ಅವಳ ಧ್ವನಿಯೇ ಬೇರೆಯಾಗಿತ್ತು, ಅಳು ಉಕ್ಕಿ ಬಂದಿತ್ತು. ಮಾತು ದೊಡ್ಡಮ್ಮನಿಗಾಗಿರಲಿಲ್ಲ.

“ಕೇಳಿಸ್ಕೊಂಡ್ರಾ ಡ್ರೈವರಣ್ಣ? ಇವರ ಮಾತ್ರೆ ಕಿತ್ತಿಟ್ಕೊಂಡಿರೋದು ಈಕೆನೇ. ಬಾಯಿಬಿಟ್ಟು ಒಪ್ಕೊಂಡ್ರು, ನೀವೇ ಸಾಕ್ಷಿ.”

ಫೋನು ಕಟ್ಟಾಯಿತು. ಯಾವ ಆಸ್ಪತ್ರೆ ಎಂದು ಅವಳು ಹೇಳಿರಲಿಲ್ಲ.